ನರಕಕ್ಕೆ ಹನ್ನೆರಡು ಮಂದಿ

ಹೊಸದಾಗಿ ಚರ್ಚಿನ ಸಭೆ ವಹಿಸಿಕೊಂಡು ನಮ್ಮ ಕಡೆ ಬರುವ ತರುಣ ಪಾಸ್ಟರುಗಳು ರಾಯಬಾಗದ ನನ್ನ ಮನೆಗೆ ಒಮ್ಮೆ ಬಂದುಹೋಗುವುದು ರೂಢಿಯಾಗಿದೆ. ಚಹ ಕುಡಿಯುತ್ತಾರೆ, ನನ್ನ ಮೊಣಕಾಲು ನೋವನ್ನು ವಿಚಾರಿಸುತ್ತಾರೆ, ಏಳುವ ಮುಂಚೆ "ಅಂಕಲ್, ಈ ಕಡೆ ಜನ ಹೇಗೆ?" ಎಂದು ಕೇಳುತ್ತಾರೆ. ಜನ ಒಳ್ಳೆಯವರು, ಅದೇ ಕಷ್ಟ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ನರಕ ಇದೆ ಎಂದು ಸಾರುವ ಕೆಲಸಕ್ಕೆ ಬಂದವನಿಗೆ ಸುತ್ತಮುತ್ತ ನಾಲ್ಕು ಮಂದಿ ಕೆಟ್ಟವರಾದರೂ ಇದ್ದರೆ ಅನುಕೂಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಮೋಟರ್ ಸೈಕಲ್ಲಿನಲ್ಲಿ ತಿರುಗಿದ ನನಗೆ ಆ ಅನುಕೂಲ ಸಿಗಲಿಲ್ಲ.

ವರ್ಗಾವಣೆ, ಪದವಿ, ಸನ್ಮಾನಗಳ ವಿಷಯ ಬರೆಯುವುದಿಲ್ಲ. ಶಾಲುಗಳು ಟ್ರಂಕಿನಲ್ಲಿವೆ. ಬರೆಯಬೇಕಾದದ್ದು ಒಂದು ಬಟ್ಟೆಯ ಪಟ, ಒಂದು ಹಗ್ಗ, ಮತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಇದನ್ನು ಪಾಸ್ಟರುಗಳಿಗೆ ತರಬೇತಿ ಕೊಡುವ ಸೆಮಿನರಿಯಲ್ಲಿ ಯಾರೂ ಕಲಿಸುವುದಿಲ್ಲ. ಅಲ್ಲಿ ನಮಗೆ ದೇವರ ಪ್ರೀತಿಯ ಪಾಠವನ್ನು ಒಬ್ಬ ಗುರುಗಳು ಬೆಳಿಗ್ಗೆ ಹೇಳಿದರು, ನರಕದ ಪಾಠವನ್ನು ಇನ್ನೊಬ್ಬರು ಮಧ್ಯಾಹ್ನ ಹೇಳಿದರು. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಅವರ ನಡುವೆ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ.

ನಾನು ಸೇವೆಗೆ ಬಂದಾಗ ಹಳ್ಳಿ ಹಳ್ಳಿಗೆ ಹೋಗಿ ಸಾರಲು ನಮಗಿದ್ದ ಸಾಧನವೆಂದರೆ ಎರಡು ದಾರಿಗಳ ಪಟ. ಬಾಗಿಲಷ್ಟು ಅಗಲದ ಮೇಣಬಟ್ಟೆ. ಅದರಲ್ಲಿ ಎಡಕ್ಕೆ ಅಗಲವಾದ ದಾರಿ, ಬಲಕ್ಕೆ ಇಕ್ಕಟ್ಟಾದ ದಾರಿ. ಇಕ್ಕಟ್ಟಿನದು ಏರುತ್ತ ಸ್ವರ್ಗದ ಬಾಗಿಲಿಗೆ ಮುಟ್ಟುತ್ತಿತ್ತು, ಅಗಲದ್ದು ಇಳಿಯುತ್ತ ಬೆಂಕಿಗೆ ಬೀಳುತ್ತಿತ್ತು. ನಾನು ಬೆತ್ತ ಹಿಡಿದು ಒಂದೊಂದನ್ನೇ ತೋರಿಸುತ್ತಿದ್ದೆ. ದನಿ ಚೆನ್ನಾಗಿತ್ತು. ಬೆಂಕಿಯ ಹತ್ತಿರ ಬಂದಾಗ ಇನ್ನೂ ಚೆನ್ನಾಗಿ ಏಳುತ್ತಿತ್ತು. ಆದರೆ ಆ ಪಟ ಎಲ್ಲೋ ವಿಲಾಯತಿಯಲ್ಲಿ ಅಚ್ಚಾದದ್ದು. ಬೆಂಕಿಯಲ್ಲಿ ಬಿದ್ದವರೆಲ್ಲ ಕೋಟು, ಟೊಪ್ಪಿಗೆ ಹಾಕಿಕೊಂಡಿದ್ದರು. ನಮ್ಮ ಜನ ಕೂತು ಮರುಕದಿಂದ ನೋಡಿ, ಪಾಪ ಎಂದು ಎದ್ದು ಹೋಗುತ್ತಿದ್ದರು.

ಒಮ್ಮೆ ಉಗಾರ ಬುದ್ರುಕದಲ್ಲಿ ಪಟ ಬಿಚ್ಚಿ ಸಾರಿದ ಮೇಲೆ ಒಬ್ಬ ಎದ್ದುನಿಂತ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ಕೆಲಸ ಮಾಡುವವ. ಬೆಂಕಿಯ ವಿಷಯದಲ್ಲಿ ಅವನಿಗೆ ನನಗಿಂತ ಹೆಚ್ಚು ತಿಳಿದಿತ್ತು.

"ಸಾಹೇಬ್ರ, ಬಾಯ್ಲರ ತಾನ ಉರಿಯೂದಿಲ್ರಿ. ಮ್ಯಾಲಿಂದ ಮ್ಯಾಲೆ ಒಳಗ ಹಾಕ್ತಿರಬೇಕ. ನಿಮ್ಮ ನರಕದಾಗ ಆ ಡ್ಯೂಟಿ ಯಾರದ್ರಿ?"

ನನಗೆ ಗೊತ್ತಿರಲಿಲ್ಲ. ಅದು ಸೈತಾನನ ಕಡೆಯವರದು ಎಂದೆ.

"ಹಂಗಾಮ ಮುಗದ ಮ್ಯಾಲರ ಅವ್ರಿಗೆ ಸೂಟಿ ಐತೇನ್ರಿ?"

"ಆ ಹಂಗಾಮ ಮುಗಿಯೋದಿಲ್ಲಪ್ಪ," ಎಂದೆ, ಬೆತ್ತ ಎತ್ತಿ.

"ಹಂಗಂದ್ರ ಸುಡಿಸ್ಕೊಳ್ಳಾವ್ರಕಿಂತ ಹಾಕಾವ್ರ ಹಣೇಬಾರನ ಕೆಟ್ಟೈತಿ ಬಿಡ್ರಿ," ಎಂದು ಕೂತುಬಿಟ್ಟ. ಆ ದಿನ ನಾನು ಇದನ್ನು ಅಜ್ಞಾನವೆಂದು ನನ್ನ ಡೈರಿಯಲ್ಲಿ ಬರೆದುಕೊಂಡೆ. ಡೈರಿ ಇನ್ನೂ ಇದೆ, ಅಭಿಪ್ರಾಯ ಬದಲಾಗಿದೆ.

ಆಮೇಲೆ ನನ್ನನ್ನು ಐನಾಪುರದ ಸಭೆಗೆ ಹಾಕಿದರು. ಸೇವೆಯ ಹೆಚ್ಚಿನ ಕಾಲ ಕಳೆದದ್ದು ಅಲ್ಲಿಯೇ. ಚಿಕ್ಕ ಚರ್ಚು, ಅಂಗಳದಲ್ಲಿ ಬೇವಿನ ಮರ, ಮಾಳಿಗೆಯ ಮೇಲೆ ಒಂದು ಗಂಟೆ. ಗಂಟೆಯ ಹಗ್ಗ ಗೋಡೆಯ ಹೊರಗಡೆ ಇಳಿಬಿದ್ದಿತ್ತು. ಒಳಗೆ ಕಾಲಿಡದೆಯೂ ಗಂಟೆ ಹೊಡೆಯಬಹುದಿತ್ತು. ಇದನ್ನು ಹೇಳಲು ಕಾರಣ ಬಾಳಪ್ಪ.

ಬಾಳಪ್ಪ ಕ್ರೈಸ್ತನಲ್ಲ. ಕುರಿ ಸಾಕಿಕೊಂಡು ಊರ ಹೊರಗೆ ತೋಟದ ಮನೆಯಲ್ಲಿದ್ದವ. ಕೊಕಟನೂರ ಎಲ್ಲಮ್ಮನ ಒಕ್ಕಲು. ಅವನ ಹೆಂಡತಿ ಸುಂದ್ರವ್ವ ನಮ್ಮ ಸಭೆಯವಳು. ವಯಸ್ಸಿನಲ್ಲಿದ್ದಾಗ ಅವಳಿಗೆ ದೊಡ್ಡ ಬೇನೆ ಬಂದು, ಕ್ರೈಸ್ತರ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳು ಮಲಗಿದ್ದಳು. ಅಲ್ಲಿನ ನರ್ಸಮ್ಮ ದಿನಾ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದಳಂತೆ. ಬದುಕಿದರೆ ಈ ದೇವರ ಹಿಂದೆ ಹೋಗುತ್ತೇನೆ ಎಂದು ಸುಂದ್ರವ್ವ ಮನಸ್ಸಿನಲ್ಲಿ ಹರಕೆ ಹೊತ್ತಳು. ಅದೇ ಹೊತ್ತಿಗೆ ಬಾಳಪ್ಪ ಹೊರಗೆ ಕೂತು, ಇವಳು ಬದುಕಿದರೆ ಪ್ರತಿ ವರ್ಷ ನಿನ್ನ ಗುಡಿಗೆ ನಡೆದುಕೊಂಡು ಬರುತ್ತೇನೆ ಎಂದು ಎಲ್ಲಮ್ಮನಿಗೆ ಹೊತ್ತಿದ್ದ. ಅವಳು ಬದುಕಿದಳು. ಯಾರಿಂದ ಎಂಬ ಜಗಳ ಆ ಮನೆಯಲ್ಲಿ ಹುಟ್ಟಲೇ ಇಲ್ಲ. "ನಿನ್ನ ಹರಕಿ ನೀ ತೀರಸು, ನನ್ನ ಹರಕಿ ನಾ ತೀರಸ್ತೀನಿ," ಎಂದನಂತೆ.

ಅಂದಿನಿಂದ ಪ್ರತಿ ಆದಿತ್ಯವಾರ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಅವಳು ಒಳಗೆ, ಇವನು ಬೇವಿನ ಕೆಳಗೆ. ಎಲ್ಲರಿಗಿಂತ ಮೊದಲು ಬರುತ್ತಿದ್ದುದರಿಂದ ಗಂಟೆ ಹೊಡೆಯುವ ಕೆಲಸ ತಾನಾಗಿ ಅವನ ಪಾಲಿಗೆ ಬಂತು. ಸಭೆಯವರು ಯಾರಾದರೂ ತೀರಿಕೊಂಡರೆ ವಯಸ್ಸಿಗೆ ತಕ್ಕಷ್ಟು ಪೆಟ್ಟು ಗಂಟೆ ಹೊಡೆಯುವುದು ನಮ್ಮ ಚರ್ಚಿನ ವಾಡಿಕೆ. ಅದನ್ನೂ ಅವನೇ ಮಾಡುತ್ತಿದ್ದ. ಎಣಿಕೆ ಬರುತ್ತಿರಲಿಲ್ಲ. ಅಷ್ಟು ಹರಳು ಎಣಿಸಿ ಕೊಡು ಎಂದು ನನ್ನನ್ನು ಕೇಳಿ, ಕುರಿ ಎಣಿಸುವ ಹಾಗೆ ಪೆಟ್ಟಿಗೊಂದು ಹರಳನ್ನು ಈ ಜೇಬಿನಿಂದ ಆ ಜೇಬಿಗೆ ಹಾಕುತ್ತಿದ್ದ. ಎಲ್ಲ ಮುಗಿದ ಮೇಲೆ ಮತ್ತೊಂದು ಪೆಟ್ಟು ಹೊಡೆಯುತ್ತಿದ್ದ. ಯಾಕೆ ಎಂದು ಕೇಳಿದೆ. "ಕೊಸರ ರೀ ಸಾಹೇಬ್ರ. ಕಾಯಿಪಲ್ಲೆ ಮಾರಾಕಿ ಸೈತ ಮ್ಯಾಲೊಂದ ಹಾಕ್ತಾಳ," ಎಂದ.

ಈ ನಡುವೆ ಹಳೆಯ ಪಟವನ್ನು ಇಲಿ ತಿಂದಿತು. ಸ್ವರ್ಗದ ಕಡೆಯಿಂದ ತಿಂದಿತ್ತು. ನರಕಕ್ಕೆ ಒಂದು ತೂತೂ ಬಿದ್ದಿರಲಿಲ್ಲ. ನಮ್ಮ ಚರ್ಚುಗಳ ಜಿಲ್ಲಾ ಮೇಲ್ವಿಚಾರಕರಿಗೆ, ಎಂದರೆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗೆ, ಪತ್ರ ಬರೆದೆ. ಅವರನ್ನು ಎಲ್ಲರೂ ಡಿ.ಎಸ್. ಸಾಹೇಬರು ಎನ್ನುತ್ತಿದ್ದರು. ಶಿಸ್ತಿನ ಮನುಷ್ಯ, ಇಸ್ತ್ರಿ ಮಾಡಿದ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದರು. ಉತ್ತರ ಬಂತು: ಹೊಸ ಪಟವನ್ನು ಸ್ಥಳೀಯವಾಗಿ ಬರೆಸಿರಿ, ವಿಲಾಯತಿ ಮುಖಗಳು ಬೇಡ, ನಮ್ಮ ಜನರಿಗೆ ತಮ್ಮ ಮುಖ ತಮಗೆ ಕಾಣಬೇಕು. ಬುದ್ಧಿವಂತ ಮಾತು ಅನ್ನಿಸಿತು. ಪತ್ರ ಜೇಬಿನಲ್ಲಿಟ್ಟುಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ.

ನಿಪ್ಪಾಣಿಯಲ್ಲಿ ಮಾರುತಿ ಎಂಬ ಪೇಂಟರ್ ಇದ್ದ. ಗೋಡೆಗಳ ಮೇಲೆ ತಂಬಾಕಿನ ಜಾಹೀರಾತು, ಟ್ರ್ಯಾಕ್ಟರಿನ ಹಿಂದೆ ದೇವರು, ಅಂಗಡಿಗಳ ಬೋರ್ಡು, ಎಲ್ಲ ಬರೆಯುತ್ತಿದ್ದ. ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಎರಡು ದಾರಿಗಳನ್ನು ವಿವರಿಸಿದೆ. ಅವನು ಬೀಡಿ ಹಚ್ಚಿ, ಕಾಗದದ ಮೇಲೆ ಗುರುತು ಮಾಡಿಕೊಳ್ಳುತ್ತ ಕೇಳಿದ.

"ವರ್ತೀ ಕಿತೀ ಮಾಣಸ? ಮ್ಯಾಲೆ ಎಷ್ಟ ಮಂದಿ?"

"ಜಾಗ ಇದ್ದಷ್ಟು ಹಾಕು."

"ಕೆಳಗ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಒಂದು ಹನ್ನೆರಡು ಮಂದಿ ಇರಲಿ," ಎಂದೆ. ಖಾನಾವಳಿಯಲ್ಲಿ ಇಷ್ಟು ಊಟ ಎಂದು ಹೇಳುವ ಹಾಗೆ ಹೇಳಿದೆ.

ಮಾರುತಿಗೆ ಒಂದು ಮಿತಿ ಇತ್ತು. ಮುಖಗಳನ್ನು ಮನಸ್ಸಿನಿಂದ ಬರೆಯಲು ಬರುತ್ತಿರಲಿಲ್ಲ. ಫೋಟೋ ಬೇಕು. ನನ್ನ ಚೀಲದಲ್ಲಿ ಒಂದು ಇತ್ತು. ಚರ್ಚಿನ ಹೊಸ ಮಾಳಿಗೆ ಮುಗಿಸಿ ಗಂಟೆ ಏರಿಸಿದ ದಿನ ತೆಗೆಸಿದ ಗ್ರೂಪ್ ಫೋಟೋ. ನಡುವೆ ಸಭೆಯವರು ಬೈಬಲ್ ಹಿಡಿದು ಕೂತಿದ್ದರು. ಅಂಚಿನಲ್ಲಿ, ಬೇವಿನ ಮಗ್ಗುಲಿಗೆ, ಅಂದು ಪುಕ್ಕಟೆ ಮೈಮುರಿದು ದುಡಿದ ಊರವರು ನಿಂತಿದ್ದರು: ಮಾಳಿಗೆ ಕಟ್ಟಿದ ಗವಂಡಿ ಇಮಾಮಸಾಬ, ಹಾಲಿನ ಡೇರಿಯ ಶಿವಗೌಡ, ಮತ್ತೆ ಕೆಲವರು. ಕೊನೆಗೆ ಬಾಳಪ್ಪ, ಒಂದು ಕೈ ಮೇಲೆತ್ತಿ ಗಂಟೆಯ ಹಗ್ಗ ಹಿಡಿದುಕೊಂಡು. ತಲೆಗೆ ಸುತ್ತುವ ಪಟಕಾ, ಸೀರೆ, ಧೋತರ ಹೇಗಿರುತ್ತವೆ ಎಂದು ಇದರಲ್ಲಿ ನೋಡಿಕೋ ಎಂದು ಫೋಟೋ ಕೊಟ್ಟು ಬಂದೆ. ಬಟ್ಟೆಯ ಮಾದರಿಗೆ ಕೊಟ್ಟದ್ದು. ಅದು ನನ್ನ ಮನಸ್ಸಿನಲ್ಲಿತ್ತು, ಮಾತಿನಲ್ಲಿ ಸರಿಯಾಗಿ ಬಂದಿರಲಿಲ್ಲ.

ಪಟ ಒಂದು ತಿಂಗಳಲ್ಲಿ ಸಿದ್ಧವಾಯಿತು. ಬಿದಿರಿಗೆ ಸುತ್ತಿ, ಗೋಣಿಯಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿ ಕಳಿಸಿದ್ದ. ನಾನು ಬಿಚ್ಚಿ ನೋಡಲಿಲ್ಲ. ಡಿ.ಎಸ್. ಸಾಹೇಬರೇ ಉದ್ಘಾಟನೆ ಮಾಡಲಿ ಎಂದು ಹಾಗೇ ಇಟ್ಟೆ. ತಮ್ಮಂದಿರಾ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ: ಬಂದ ಮಾಲನ್ನು ಮೊದಲು ಬಿಚ್ಚಿ ನೋಡಿ.

ಆದಿತ್ಯವಾರ ಬೇವಿನ ಕೊಂಬೆಗೆ ಪಟ ಕಟ್ಟಿದೆವು. ಸಭೆಯವರಲ್ಲದೆ ಊರ ಅರ್ಧ ಜನ ಸೇರಿದ್ದರು. ಹಗ್ಗದ ಕೆಲಸವಾದ್ದರಿಂದ ಪಟ ಇಳಿಸುವುದಕ್ಕೆ ಬಾಳಪ್ಪನೇ ನಿಂತ. ಡಿ.ಎಸ್. ಸಾಹೇಬರು ಪ್ರಾರ್ಥನೆ ಮಾಡಿ ಕೈ ಸನ್ನೆ ಮಾಡಿದರು. ಬಾಳಪ್ಪ ನಿಧಾನವಾಗಿ ಹಗ್ಗ ಬಿಟ್ಟ.

ಮೊದಲು ಸ್ವರ್ಗ ಇಳಿಯಿತು. ಬಾಗಿಲಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ನಾನು. ಗಿರಾಕಿಗೆ ಮಾರುತಿ ತೋರಿಸಿದ ಮರ್ಯಾದೆ. ನನ್ನ ಹಿಂದೆ ಸಭೆಯವರೆಲ್ಲ, ಅವರವರ ಮುಖದಲ್ಲಿಯೇ. ಮಾರುತಿ ಹುಟ್ಟು ಕಲಾವಿದ, ಒಂದು ಮಚ್ಚೆ ಸಹ ತಪ್ಪಿಸಿರಲಿಲ್ಲ. "ನೋಡ್ರೆ, ನಮ್ಮ ಸುಂದ್ರವ್ವ!" ಎಂದು ಹೆಂಗಸರು ಕೂಗಿದರು. ಹಸಿರು ಸೀರೆಯಲ್ಲಿ ಸುಂದ್ರವ್ವ ಬೈಬಲ್ ಹಿಡಿದು ನಗುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ಇವು ನಾನು ಕೊಟ್ಟ ಫೋಟೋದ ಮುಖಗಳು ಎಂದು ಆಗ ಹೊಳೆಯಿತು, ಆದರೆ ಬಾಳಪ್ಪ ಹಗ್ಗ ಬಿಡುತ್ತಲೇ ಇದ್ದ.

ಕೆಳಗೆ ಬೆಂಕಿ ಬಂತು. ಬೆಂಕಿಯಲ್ಲಿ ಇಮಾಮಸಾಬ ಇದ್ದ. ಶಿವಗೌಡ ಇದ್ದ. ಅಂಚಿನಲ್ಲಿ ನಿಂತವರೆಲ್ಲ ಇದ್ದರು, ಎಣಿಸಿದರೆ ಬರೋಬರಿ ಹನ್ನೆರಡು. ಕೊನೆಯವನು ಬಾಳಪ್ಪ. ಮಾರುತಿ ಕೈಯನ್ನು ಬರೆದಿದ್ದ, ಕೈಯಲ್ಲಿದ್ದ ಹಗ್ಗವನ್ನು ಬಿಟ್ಟಿದ್ದ. ಆದ್ದರಿಂದ ಬೆಂಕಿಯೊಳಗಿನಿಂದ ಬಾಳಪ್ಪ ಮೇಲಿದ್ದ ಹೆಂಡತಿಯ ಕಡೆಗೆ ಕೈ ಚಾಚಿದ ಹಾಗೆ ಕಾಣುತ್ತಿತ್ತು. ಫೋಟೋದಲ್ಲಿ ಸುಂದ್ರವ್ವ ಕ್ಯಾಮರಾ ನೋಡಿ ನಕ್ಕಿದ್ದಳಲ್ಲ, ಇಲ್ಲಿಯೂ ಹಾಗೇ, ಬೇರೆ ಕಡೆ ನೋಡಿಕೊಂಡು ನಗುತ್ತಿದ್ದಳು.

ಬಾಳಪ್ಪ ಹಗ್ಗವನ್ನು ಕೊಂಬೆಗೆ ಬಿಗಿದು, ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಪಟಕಾ ಛಲೋ ಬಂದೈತಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಲ್ರಿ ಸಾಹೇಬ್ರ, ಕೈಯಾಗಿನ ಹಗ್ಗ ಎಲ್ಲಿ ಹೋತ್ರಿ?" ಎಂದು ಕೇಳಿದ.

ಸುಂದ್ರವ್ವ ಎದ್ದು, ಯಾರನ್ನೂ ನೋಡದೆ ತೋಟದ ದಾರಿ ಹಿಡಿದಳು. ಬಾಳಪ್ಪ ಸೈಕಲ್ ತಳ್ಳಿಕೊಂಡು ಹಿಂದಿನಿಂದ ಹೋದ. ಅವಳು ಹತ್ತಲಿಲ್ಲ. ಇಬ್ಬರೂ ನಡೆದೇ ಹೋದರು.

ಮುಂದಿನ ಆದಿತ್ಯವಾರ ಗಂಟೆ ಎಂದಿನ ಹೊತ್ತಿಗೆ ಕೇಳಿಸಿತು. ಹೊರಗೆ ಬಂದರೆ ಬಾಳಪ್ಪ ಒಬ್ಬನೇ. "ಅಕಿ ಇನ್ನ ಬರೂದಿಲ್ಲಂತ್ರಿ. ಆದ್ರ ಗಂಟಿ ಯಾರರ ಹೊಡೀಬೇಕಲ್ರಿ," ಎಂದ. ಅದರ ಮುಂದಿನ ವಾರವೂ ಹಾಗೇ. ಸಭೆಯವಳು ಮನೆಯಲ್ಲಿ ಕೂತಳು, ಎಲ್ಲಮ್ಮನ ಒಕ್ಕಲು ಚರ್ಚಿಗೆ ಬರುತ್ತಿದ್ದ. ನಾನು ಅವರ ತೋಟದ ಮನೆಗೆ ಹೋದೆ.

ಸುಂದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಮಾತಾಡಿದಳು.

"ನನ್ನ ಹೆಸರ ಸಭಾದ ಪುಸ್ತಕದಾಗಿಂದ ಹೊಡದ ಹಾಕ್ರಿ ಸಾಹೇಬ್ರ."

"ಅಕ್ಕಾ, ಅದು ಪೇಂಟರನ ತಪ್ಪು. ಮುಖ ಬದಲು ಮಾಡಸ್ತೀನಿ."

"ಪೇಂಟರ ಏನ ತಪ್ಪ ಮಾಡ್ಯಾನ್ರಿ? ನೀವು ಹೇಳಿದ್ದ ಬರದಾನ. ಇಷ್ಟ ವರ್ಷ ನೀವು ಬಾಯಿಲೆ ಹೇಳ್ತಿದ್ರಿ, ನಾನೂ ಆಮೆನ್ ಅಂತಿದ್ನಿ. ಬೆಂಕ್ಯಾಗ ಯಾರ ಮಾರೀನೂ ಕಂಡಿದ್ದಿಲ್ಲ, ಈಗ ಕಂಡೈತಿ."

ಸೆಮಿನರಿಯಲ್ಲಿ ಕಲಿತದ್ದನ್ನು ಹೇಳಿದೆ. ಸ್ವರ್ಗದಲ್ಲಿ ದುಃಖದ ನೆನಪು ಇರುವುದಿಲ್ಲ, ದೇವರು ಅದನ್ನು ಅಳಿಸಿಬಿಡುತ್ತಾನೆ ಎಂದೆ. ಆಗ ಅವಳ ಕೈ ನಿಂತಿತು.

"ಸೈಕಲ್ ಮ್ಯಾಲೆ ನನ್ನ ಹೊತಕೊಂಡ ಬಂದಾವ ಅಂವ. ನೀವು ದಾರಿ ತೋರಿಸಿದ್ರಿ, ಹೊತ್ತಾವ ಅಂವ. ಅಂವನ್ನ ಮರಸಿ ದೇವ್ರ ನನ್ನ ನಗಸ್ತಾನಂದ್ರ, ಅಲ್ಲಿ ಕುಂತ ನಗಾಕಿ ಯಾರ್ರಿ? ನಾ ಅಲ್ಲ. ನಾ ಅಲ್ಲದಾಕಿನ್ನ ಒಯ್ದ ಸ್ವರ್ಗದಾಗ ಇಟ್ರ ನನಗೇನ ಬಂತ್ರಿ?"

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟು, ನನಗೆ ಚೆನ್ನಾಗಿ ಬೆಂದ ಇನ್ನೊಂದನ್ನು ಕೊಟ್ಟಳು. ನಾನು ತಿಂದೆ. ನನಗೆ ನಾಚಿಕೆಯಾಯಿತು ಎಂದು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಆ ಹೆಂಗಸು ಒಲೆಯ ಮುಂದೆ ಕೂತು ಕೇಳಿದ್ದನ್ನು ನಾನು ಅಷ್ಟು ವರ್ಷ ಬೈಬಲ್ ಹಿಡಿದೂ ಕೇಳಿಕೊಂಡಿರಲಿಲ್ಲ. ನರಕವನ್ನು ನಂಬುವುದು ನನಗೆ ಸುಲಭವಾಗಿತ್ತು, ಏಕೆಂದರೆ ಅಲ್ಲಿ ನನಗೆ ಪರಿಚಯದವರು ಯಾರೂ ಇರಲಿಲ್ಲ.

ಬರುವಾಗ ಕುರಿಹಟ್ಟಿಯ ಹತ್ತಿರ ಬಾಳಪ್ಪ ಸಿಕ್ಕ. ನನಗೆ ಒಂದೇ ದಾರಿ ತೋಚಿತು. "ಬಾಳಪ್ಪ ಕಾಕಾ, ನೀನೂ ದೀಕ್ಷಾಸ್ನಾನ ತಗೊಂಡು ನಮ್ಮ ಸಭೆಗೆ ಬಂದುಬಿಡು. ಎಲ್ಲ ಸರಿಹೋಗತದ," ಎಂದೆ.

ಅವನು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. "ತಗೋಬೋದಾಗಿತ್ರಿ. ಆದ್ರ ಎಲ್ಲವ್ವಗ ಮಾತ ಕೊಟ್ಟೀನಲ್ರಿ. ಆಕಿಗಿ ಕೊಟ್ಟ ಮಾತ ಮುರದ ಬಂದಾವ್ನ ನಿಮ್ಮ ದೇವ್ರರ ಹೆಂಗ ನಂಬ್ತಾನ್ರಿ?" ಎಂದ. ಮುಳ್ಳು ಬಂತು. ಮರಿ ಓಡಿಹೋಯಿತು. ನಾನೂ ಹೊರಟೆ.

ಡಿ.ಎಸ್. ಸಾಹೇಬರ ಆದೇಶ ಅಷ್ಟರಲ್ಲಿ ಬಂದಿತ್ತು. ಚಿತ್ರದಲ್ಲಿ ಸಿದ್ಧಾಂತದ ದೋಷವಿಲ್ಲ, ಮುಖಗಳನ್ನು ಬದಲಿಸಿರಿ. ಪಟ ಹೊತ್ತು ಮತ್ತೆ ನಿಪ್ಪಾಣಿಗೆ ಹೋದೆ. ಮಾರುತಿಗೆ ಆಶ್ಚರ್ಯವಾಯಿತು. "ಪುಸ್ತಕ ಹಿಡದಾವ್ರ ಮ್ಯಾಲೆ, ಹಿಡೀದಾವ್ರ ಕೆಳಗ. ಸಾಂಗಿತಲ್ಯಾಪ್ರಮಾಣ, ನೀವು ಹೇಳಿದಂಗ, ಕರೆಕ್ಟ್ ಮಾಡೀನ್ರಿ," ಎಂದ. ಕರೆಕ್ಟಾಗಿಯೇ ಮಾಡಿದ್ದ. ಬಾಳಪ್ಪನಿಗೆ ಗಡ್ಡ ಬರೆದು ನೋಡಿದ. ಐನಾಪುರದ ಸಂತೆಯಲ್ಲಿ ಬೆಲ್ಲ ಮಾರುವವನೊಬ್ಬನ ಹಾಗೆ ಕಂಡ. ಕನ್ನಡಕ ಹಾಕಿದ. ನಮ್ಮ ಊರಿನ ಹೆಡ್‌ಮಾಸ್ತರರಾದರು. ಪಟಕಾ ತೆಗೆದು ಮೀಸೆ ಬೋಳಿಸಿದಾಗ ಡಿ.ಎಸ್. ಸಾಹೇಬರ ಹಾಗೆ ಕಾಣತೊಡಗಿದ್ದರಿಂದ ಬೇಗ ಬೇಗ ಒರೆಸಿದೆವು.

"ಹೆಸರ ಹೇಳ್ರಿ ಸಾಹೇಬ," ಎಂದ ಮಾರುತಿ ಕೊನೆಗೆ, ಕುಂಚ ಎತ್ತಿ ಹಿಡಿದು. "ಇಂವನ್ನ ತಗದ್ರ ಆ ಜಾಗಾದಾಗ ಯಾರ್ನ ಹಾಕ್ಲಿ?"

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ನಿಜವಾಗಿಯೂ ಯೋಚಿಸಿದೆ. ನನ್ನ ಮೇಲೆ ಸುಳ್ಳು ಅರ್ಜಿ ಬರೆದವನೊಬ್ಬ ಇದ್ದ. ಅವನ ಮಗಳ ಮದುವೆಯಲ್ಲಿ ಅವನು ಅತ್ತದ್ದು ನೆನಪಾಯಿತು. ಚರ್ಚಿನ ಜಾಗ ಒತ್ತುವರಿ ಮಾಡಿದವನೊಬ್ಬ ಇದ್ದ. ಅವನಿಗೆ ಸಕ್ಕರೆ ಕಾಯಿಲೆ, ಒಂದು ಕಾಲು ಹೋಗಿತ್ತು. ಇಡೀ ಐದು ತಾಲೂಕು ಹುಡುಕಿದರೂ ಆ ಜಾಗಕ್ಕೆ ಕೊಡಲು ನನ್ನ ಕೈಯಲ್ಲಿ ಒಬ್ಬ ಮನುಷ್ಯ ಸಿಗಲಿಲ್ಲ. "ನನ್ನನ್ನೇ ಹಾಕು," ಎಂದೆ. ಮಾರುತಿ ಒಪ್ಪಲಿಲ್ಲ. ಗಿರಾಕಿಯನ್ನು ಬೆಂಕಿಯಲ್ಲಿ ಹಾಕಿದ ಎಂದು ಸುದ್ದಿಯಾದರೆ ಯಾರೂ ಕೆಲಸ ಕೊಡುವುದಿಲ್ಲ ಎಂದ. ಬರೀ ಬೆಂಕಿ ಬಿಡೋಣವೇ ಎಂದರೆ, ಅದು ಆದೇಶದಲ್ಲಿರಲಿಲ್ಲ.

ಆಗ ಬಾಳಪ್ಪನ ಮಾತು ನೆನಪಾಗಿ ಹೇಳಿದೆ. ಅವನಿಗೆ ಉಳಿದದ್ದು ಯಾವುದೂ ತಪ್ಪೆಂದು ತೋರಿರಲಿಲ್ಲ, ಹಗ್ಗ ಎಲ್ಲಿ ಎಂದಷ್ಟೇ ಕೇಳಿದ್ದ. ಮಾರುತಿ ಫೋಟೋ ತೆಗೆದು ನೋಡಿದ. "ಹೌದಲ್ರಿ. ಹಗ್ಗ ಐತಿ. ಚೂಕ್ ಝಾಲೀ," ಎಂದು ತಪ್ಪು ಒಪ್ಪಿಕೊಂಡ. ಬಾಳಪ್ಪನ ಮುಖವನ್ನು ಮೊದಲಿನಂತೆ ಮಾಡಿ, ಸ್ವರ್ಗದ ಬಾಗಿಲಿಗೆ ಒಂದು ಗಂಟೆ ಬರೆದು, ಅಲ್ಲಿಂದ ಹಗ್ಗ ಎಳೆಯುತ್ತ ಬಂದು ಬೆಂಕಿಯೊಳಗೆ ಅವನ ಕೈಗೆ ಕೊಟ್ಟ. ಬಣ್ಣ ಉಳಿದಿತ್ತು. ಹಗ್ಗವನ್ನು ಇನ್ನಷ್ಟು ಉದ್ದ ಮಾಡಿ, ಉಳಿದ ಹನ್ನೊಂದು ಮಂದಿಯ ಕೈಗೂ ಸಿಗುವ ಹಾಗೆ ಹಾಯಿಸಿದ.

ಡಿ.ಎಸ್. ಸಾಹೇಬರು ಪಟವನ್ನು ಪರೀಕ್ಷಿಸಲು ಬಂದರು. ಬಹಳ ಹೊತ್ತು ನೋಡಿದರು.

"ಮುಖ ಬದಲಾಗಿಲ್ಲ."

"ಬೇರೆ ಮುಖ ಸಿಗಲಿಲ್ಲ ಸರ್."

"ಈ ಹಗ್ಗ ಏನು? ಸ್ವರ್ಗ ನರಕಗಳ ನಡುವೆ ದಾಟಲಾಗದ ಕಂದಕ ಇದೆ ಎಂದು ಬೈಬಲಿನಲ್ಲಿ ಹೇಳಿದ್ದು ನಿಮಗೆ ಗೊತ್ತಿಲ್ಲವೇ?"

"ಗೊತ್ತಿದೆ ಸರ್. ಅವನು ದಾಟುತ್ತಿಲ್ಲ. ಗಂಟೆ ಹೊಡೆಯುತ್ತಿದ್ದಾನೆ, ಅಷ್ಟೇ."

ಸಾಹೇಬರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ಅವರ ತಾಯಿ ಕೊನೆಯವರೆಗೂ ದೀಕ್ಷಾಸ್ನಾನ ತೆಗೆದುಕೊಂಡಿರಲಿಲ್ಲ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ವರದಿಯಲ್ಲಿ "ಪಟ ಸ್ಥಳೀಯವಾಗಿದೆ" ಎಂದು ಬರೆದು ಹೋದರು.

ನಾನು ಪಟವನ್ನು ಸುತ್ತಿ ಸುಂದ್ರವ್ವನ ಮನೆಗೇ ಒಯ್ದೆ. ಅಂಗಳದಲ್ಲಿ ಬಿಚ್ಚಿದೆ. ಅವಳು ಹಿಟ್ಟಿನ ಕೈಯಲ್ಲಿ ಹೊರಗೆ ಬಂದು ಮೇಲಿನದನ್ನು ನೋಡಲಿಲ್ಲ, ನೇರವಾಗಿ ಕೆಳಗೆ ನೋಡಿದಳು. ಹಗ್ಗ ಹಿಡಿದು ಮೇಲಿನವರೆಗೆ ಕಣ್ಣು ಹಾಯಿಸಿದಳು.

"ಹಗ್ಗ ಗಟ್ಟಿ ಐತೇನ್ರಿ?" ಎಂದು ಕೇಳಿದಳು.

ಚರ್ಚಿನ ಹಗ್ಗವನ್ನು ಅಥಣಿಯಲ್ಲಿ ನಾನೇ ಆರಿಸಿ ತಂದಿದ್ದೆ, ಅದು ಗಟ್ಟಿ ಎಂದು ಬಲ್ಲೆ. ಬರೆದ ಹಗ್ಗದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. "ಗಟ್ಟಿ ಐತಿ ಅಕ್ಕಾ," ಎಂದೆ. ಇದಕ್ಕಿಂತ ಕಡಿಮೆ ಆಧಾರದ ಮೇಲೆ ಎಷ್ಟೋ ಉಪದೇಶ ಮಾಡಿದ್ದೇನೆ. ಮುಂದಿನ ಆದಿತ್ಯವಾರ ಸೈಕಲ್ಲಿನ ಹಿಂದೆ ಅವಳೂ ಇದ್ದಳು.

ಆಮೇಲೆ ಬಹಳ ವರ್ಷ ಆ ಪಟವನ್ನೇ ಹಿಡಿದು ತಿರುಗಿದೆ. ಬೆಂಕಿಯ ಹತ್ತಿರ ಬಂದಾಗ ನನ್ನ ದನಿ ತಗ್ಗುತ್ತಿತ್ತು. ನರಕವಿದೆ ಎಂದು ನಾನು ಇಂದಿಗೂ ನಂಬುತ್ತೇನೆ. ಅದನ್ನು ಹೇಳಿದ ನಮ್ಮ ಪ್ರಭುವೇ ಪಕ್ಕದವನನ್ನು ನಿನ್ನಂತೆಯೇ ಪ್ರೀತಿಸು ಎಂದವನು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ನನಗೆ ಅಧಿಕಾರವಿಲ್ಲ. ಎರಡನ್ನೂ ಹೊಂದಿಸುವ ಬುದ್ಧಿಯೂ ಇಲ್ಲ. ಅಲ್ಲಿ ಯಾರಿದ್ದಾರೆ ಎಂದು ಬರೆಯುವ ಕೆಲಸ ನನ್ನದಲ್ಲ ಎಂಬುದಷ್ಟೇ ತಿಳಿದಿದೆ. ಯಾರಾದರೂ ಇದ್ದರೆ, ಹಗ್ಗವನ್ನು ಬಿಟ್ಟು ಬರೆಯಬಾರದು. ಈಗ ಪಟಗಳ ಕಾಲ ಮುಗಿಯಿತು. ಹೊಸ ಪಾಸ್ಟರುಗಳು ಇಂಟರ್ನೆಟ್ಟಿನಿಂದ ಚಿತ್ರ ತೆಗೆದು ಫ್ಲೆಕ್ಸ್ ಹಾಕಿಸುತ್ತಾರೆ. ನೋಡಿದೆ. ಬೆಂಕಿಯಲ್ಲಿ ಮತ್ತೆ ಕೋಟು ಹಾಕಿದವರೇ ಇದ್ದಾರೆ. ಯಾರಿಗೂ ತೊಂದರೆಯಾದಂತಿಲ್ಲ.

ನಾನು ನಿವೃತ್ತನಾಗುವ ವರ್ಷ ಬಾಳಪ್ಪ ತೀರಿಕೊಂಡ. ಬೆಳಿಗ್ಗೆ ಕುರಿಗಳನ್ನು ಬಿಟ್ಟು ಬಂದು, ಕಟ್ಟೆಯ ಮೇಲೆ ಕೂತವನು ಹಾಗೇ ಒರಗಿದನಂತೆ. ಅವರ ಪದ್ಧತಿಯಂತೆ ಅವರದೇ ಹೊಲದಲ್ಲಿ ಮಣ್ಣು ಮಾಡಿದರು. ನನ್ನಿಂದ ಪ್ರಾರ್ಥನೆ ಯಾರೂ ಕೇಳಲಿಲ್ಲ. ಒಂದು ಹಿಡಿ ಮಣ್ಣು ಹಾಕಿ ಚರ್ಚಿಗೆ ಬಂದೆ. ಸ್ವಲ್ಪ ಹೊತ್ತಿಗೆ ಸುಂದ್ರವ್ವ ನಡೆದುಕೊಂಡು ಬಂದಳು. ಅಂವ ಎಲ್ಲಿಗೆ ಹೋದ ಎಂದು ಕೇಳುತ್ತಾಳೆ ಎಂದು ನಾನು ಹೆದರಿದ್ದೆ. ಕೇಳಲಿಲ್ಲ.

"ಗಂಟಿ ಹೊಡೀಬೇಕ್ರಿ," ಎಂದಳು.

ಸಭೆಯ ಸದಸ್ಯರಿಗೆ ಮಾತ್ರ ಎಂದು ನಿಯಮ. ನನಗೆ ಅದು ಬಾಯಿಪಾಠ. ನಾನು ಅಂಗಳದಲ್ಲಿ ಹರಳು ಆರಿಸಲು ಬಗ್ಗಿದೆ.

"ವಯಸ್ಸು ಎಷ್ಟು ಅಕ್ಕಾ?"

"ಯಾರಿಗಿ ಗೊತ್ರಿ? ದೊಡ್ಡ ಮಳಿಯಾಗ ಹುಟ್ಟ್ಯಾನಂತ ನಮ್ಮತ್ತಿ ಅಂತಿದ್ಲು. ಯಾವ ಮಳಿ ಅಂತ ನಾ ಕೇಳ್ಲಿಲ್ಲ. ಆಧಾರ ಕಾರ್ಡಿನಾಗಿಂದು ಆ ಮಷೀನ ಮುಂದ ಕುಂತಾವ ಅಂದಾಜಿಲೆ ಹಾಕಿದ್ದರಿ."

"ಹಂಗಾದ್ರ ಎಷ್ಟು ಹೊಡೀಲಿ?"

ಅವಳು ಬೇವಿನ ಕೆಳಗೆ, ಬಾಳಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತಳು. "ನೀವು ಹೊಡೀರಿ. ನಾ ಸಾಕ ಅಂತೀನಿ," ಎಂದಳು.

ಹರಳು ಕೆಳಗೆ ಬಿಟ್ಟು ಹಗ್ಗ ಹಿಡಿದೆ. ಐವತ್ತಾಯಿತು, ಎಪ್ಪತ್ತಾಯಿತು. ಯಾರು ಹೋದರು ಎಂದು ಜನ ಮನೆಗಳಿಂದ ಹೊರಗೆ ಬಂದರು. ನೂರು ದಾಟಿತು, ನೂರು ವರ್ಷದವರು ಸಭೆಯಲ್ಲಿ ಯಾರೂ ಇರಲಿಲ್ಲ. ನನ್ನ ಅಂಗೈ ಸುಲಿಯಿತು. ಗವಂಡಿ ಇಮಾಮಸಾಬ ಬಂದು, ಏನೂ ಕೇಳದೆ, ನನ್ನ ಕೈಯಿಂದ ಹಗ್ಗ ತೆಗೆದುಕೊಂಡ. ಅವನು ದಣಿದಾಗ ಡೇರಿಯ ಶಿವಗೌಡ ಹಿಡಿದ. ಪಟದ ಕೆಳಭಾಗದಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಸಾಲಿನಲ್ಲಿ ನಿಂತರು. ನಾನು ಎಣಿಸುವುದನ್ನು ಬಿಟ್ಟು ಸುಂದ್ರವ್ವನ ಪಕ್ಕದಲ್ಲಿ ಕೂತೆ. ಅವಳು ಮೇಲೆ ಗಂಟೆಯ ಕಡೆಗೆ ನೋಡುತ್ತಿದ್ದಳು. ಇಮಾಮಸಾಬನ ಸರದಿ ಎರಡನೇ ಸಲ ಬಂತು. ಅವಳು ಇನ್ನೂ ಸಾಕು ಅಂದಿರಲಿಲ್ಲ.